ಜೆಟ್ ಬೋಟಿನ ಎಂಜಿನ್ ತೊಳೆಯುವಾಗ ಮೊದಲು ನಲ್ಲಿ ತಿರುಗಿಸಬೇಡಿ: ನಮ್ಮ ಎಂಜಿನ್ ಹಾಳಾದ ಬಗೆ

ಸಮುದ್ರದಲ್ಲಿ ವಾಟರ್ ಸ್ಕೂಟರ್ ಅಥವಾ ಜೆಟ್ ಬೋಟ್ ಓಡಿಸುವವರು, ಹೊಸದಾಗಿ ಕೊಳ್ಳಲು ಹೊರಟವರು, ಅವುಗಳ ಕೆಲಸಕ್ಕೆ ಸೇರಿರುವ ಹುಡುಗರು ಇದನ್ನು ದಯವಿಟ್ಟು ಪೂರ್ತಿ ಓದಿ. ಎಂಜಿನ್ ನಿಂತಿರುವಾಗ ತೊಳೆಯುವ ಪೈಪಿಗೆ ನೀರು ಬಿಡಬೇಡಿ. ಹೇಳಬೇಕಾದದ್ದು ಇಷ್ಟೇ. ಆದರೆ ಏಕೆ ಎಂದು ತಿಳಿಯದಿದ್ದರೆ ಈ ಮಾತು ನಿಮ್ಮ ನೆನಪಿನಲ್ಲಿ ಉಳಿಯುವುದಿಲ್ಲ. ನಮಗೂ ಯಾರೋ ಒಮ್ಮೆ ಹೇಳಿದ್ದರು, ಉಳಿಯಲಿಲ್ಲ.

ನಾವು ಮೂವರು ಗೆಳೆಯರು ಹಣ ಹಾಕಿ, ದುಡಿಮೆಗೆಂದು ಮೂರು ಸೀಟಿನ ಒಂದು ಹಳೆಯ ವಾಟರ್ ಸ್ಕೂಟರ್ ಕೊಂಡೆವು. ನಮ್ಮ ಊರು ಕುಂದಾಪುರದ ಹತ್ತಿರ, ಮನೆಯಿಂದ ಕಡಲಿಗೆ ನಡೆದುಹೋಗುವಷ್ಟೇ ದೂರ. ಮಾರಿದವರು ಓಡಿಸಿ ತೋರಿಸಿದರು, ಕೈಪಿಡಿ ಕೊಟ್ಟರು, 'ಉಪ್ಪುನೀರಿನಲ್ಲಿ ಓಡಿಸಿದ ದಿನ ಸಿಹಿನೀರಿನಲ್ಲಿ ತೊಳೆಯಲು ಮರೆಯಬೇಡಿ' ಎಂದರು. ಅದನ್ನು ನಾವು ಒಂದು ದಿನವೂ ತಪ್ಪಿಸಲಿಲ್ಲ. ತೊಳೆಯುವ ಕೆಲಸ ನಮ್ಮಲ್ಲಿ ಒಬ್ಬನದಾಗಿತ್ತು. ಅವನು ಕ್ರಮವಾಗಿ ಮಾಡುತ್ತಿದ್ದ. ಆ ಕ್ರಮ ಏನು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆ ಭಾನುವಾರ ಅವನು ಮದುವೆಗೆ ಹೋಗಿದ್ದ. ಸಂಜೆ ಸ್ಕೂಟರನ್ನು ಟ್ರೇಲರ್ ಮೇಲೆ ಏರಿಸಿ, ತೆಂಗಿನ ತೋಟದಲ್ಲಿರುವ ನಮ್ಮ ಶೆಡ್ಡಿಗೆ ತಂದಾಗ ನನ್ನ ಸೋದರಮಾವ ಅಲ್ಲಿಯೇ ಇದ್ದರು. ಅವರು ನಾಡದೋಣಿಯ ಮೀನುಗಾರರು. ಮೂವತ್ತು ವರ್ಷಗಳಿಂದ, ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಸೀಮೆಎಣ್ಣೆಯ ಔಟ್‌ಬೋರ್ಡ್ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸಿ ಬಲ್ಲವರು. ನಮ್ಮ ಕೇರಿಯಲ್ಲಿ ಯಾರ ಎಂಜಿನ್ ಕೆಟ್ಟರೂ ಮೊದಲು ಅವರಿಗೇ ಕರೆ ಹೋಗುತ್ತದೆ. ಅವರು ತಾವಾಗಿಯೇ ಪೈಪು ಎಳೆದು ತಂದು, ಹಿಂಭಾಗದ ತೊಳೆಯುವ ಕೊಂಡಿಗೆ ಸಿಕ್ಕಿಸಿ, ಬಾವಿಯ ಪಂಪ್ ಹಾಕಿ, ನಲ್ಲಿ ತಿರುಗಿಸಿದರು.

"ಮಾಣಿ, ನೀರು ಬಿಟ್ಟಿದ್ದೇನೆ. ಸ್ಟಾರ್ಟ್ ಮಾಡು" ಎಂದರು.

ಕೀ ಇರಲಿಲ್ಲ. ಕೈಗೆ ಕಟ್ಟಿಕೊಳ್ಳುವ ಹಗ್ಗದ ತುದಿಯ ಕೀ ಗೆಳೆಯನ ಲೈಫ್ ಜಾಕೆಟ್ಟಿನಲ್ಲೇ ಉಳಿದುಬಿಟ್ಟಿತ್ತು. "ಮಾವ, ಕೀ ಮನೆಯಲ್ಲಿದೆ, ತರುತ್ತೇನೆ" ಎಂದೆ.

"ನಿಧಾನವಾಗಿ ತಾ. ಅಲ್ಲಿಯವರೆಗೆ ನೀರು ಹೋಗುತ್ತಿರಲಿ, ಉಪ್ಪು ಇನ್ನಷ್ಟು ಬಿಡುತ್ತದೆ."

ಅವರ ಮಾತಿನಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ಪಕ್ಕದ ಸಣ್ಣ ರಂಧ್ರದಿಂದ ನೀರು ಚೆನ್ನಾಗಿಯೇ ಹೊರಗೆ ಚಿಮ್ಮುತ್ತಿತ್ತು. ನೋಡಿದವರು ಯಾರಾದರೂ ಎಲ್ಲ ಸರಿಯಾಗಿದೆ ಎಂದೇ ಹೇಳುತ್ತಿದ್ದರು. ನಾನು ಹೋಗಿ ಬರಲು ಆರೇಳು ನಿಮಿಷ ಹಿಡಿಯಿತು. ಬಂದು ಕೀ ಸಿಕ್ಕಿಸಿ ಗುಂಡಿ ಒತ್ತಿದೆ. 'ಟಕ್' ಎಂದು ಒಂದು ಸದ್ದು, ಅಷ್ಟೇ. ಮತ್ತೊಮ್ಮೆ ಒತ್ತಿದೆ. ಮತ್ತೆ ಅದೇ ಸದ್ದು. ಬ್ಯಾಟರಿ ಇಳಿದಿದೆ ಎಂದುಕೊಂಡೆವು. ಕಾರನ್ನು ಹತ್ತಿರಕ್ಕೆ ತಂದು, ಅದರ ಬ್ಯಾಟರಿಯಿಂದ ತಂತಿ ಎಳೆದು ಮೂರನೆಯ ಸಲ ಒತ್ತಿದೆವು. ಈ ಬಾರಿ ಎಂಜಿನ್ ಬಲವಂತವಾಗಿ ಒಂದೆರಡು ಸುತ್ತು ತಿರುಗಿತು, ಹೊತ್ತಿಕೊಂಡಿತು, ಒಳಗಿನಿಂದ ಕಬ್ಬಿಣಕ್ಕೆ ಸುತ್ತಿಗೆ ಬಿದ್ದಂಥ ಒಂದು ಏಟು ಕೇಳಿಸಿತು, ನಿಂತುಹೋಯಿತು. ಮಾವನ ಮುಖ ಕಳೆಗುಂದಿತು. ಎಂಜಿನ್‌ನ ಸದ್ದು ಬಲ್ಲವರು ಅವರು. ಏನಾಗಿದೆ ಎಂದು ಅವರಿಗೆ ಆ ಕ್ಷಣವೇ ತಿಳಿಯಿತು, ಏಕಾಯಿತು ಎಂದು ಮಾತ್ರ ತಿಳಿಯಲಿಲ್ಲ.

ಬಿಚ್ಚಿ ನೋಡಿದ ಮೆಕ್ಯಾನಿಕ್ ಮೂರನೆಯ ಸಿಲಿಂಡರಿನ ಕನೆಕ್ಟಿಂಗ್ ರಾಡನ್ನು, ಅಂದರೆ ಪಿಸ್ಟನ್ನನ್ನು ಮೇಲೆ ಕೆಳಗೆ ಆಡಿಸುವ ಸರಳನ್ನು, ನಮ್ಮ ಕೈಗೆ ಕೊಟ್ಟರು. ಬೆರಳು ದಪ್ಪದ ಉಕ್ಕು ನಡುವಿನಲ್ಲಿ ಬಾಗಿತ್ತು. "ಬೆಂಗಳೂರಿನಲ್ಲಿ ಮಳೆ ಬಂದಾಗ ಕಾರುಗಳಿಗೆ ಆಗುವುದೂ ಇದೇ" ಎಂದರು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತ ನೀರು ನಿಂತಾಗ 'ಹೈಡ್ರೋಲಾಕ್' ಎಂಬ ಪದ ನಾನೂ ಕೇಳಿದ್ದೆ. ಸಿಲಿಂಡರಿಗೆ ನೀರು ನುಗ್ಗಿ ಎಂಜಿನ್ ತಿರುಗಲಾರದೆ ಸಿಕ್ಕಿಕೊಳ್ಳುವುದಕ್ಕೆ ಆ ಹೆಸರು. ಕಾರಿನಲ್ಲಿ ನೀರು ಗಾಳಿ ಎಳೆಯುವ ಬಾಯಿಯಿಂದ ನುಗ್ಗುತ್ತದೆ. ನಮ್ಮದರಲ್ಲಿ ಹೊಗೆ ಹೋಗುವ ದಾರಿಯಿಂದ ಹಿಂದಕ್ಕೆ ಬಂದಿತ್ತು, ಅದನ್ನು ನಾವೇ ಪೈಪು ಹಿಡಿದು ತುಂಬಿಸಿದ್ದೆವು.

ಅದು ಹೇಗೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಾಟರ್ ಸ್ಕೂಟರ್ ಇರಲಿ, ಜೆಟ್ ಬೋಟ್ ಇರಲಿ, ತಳದಲ್ಲಿ ಒಂದು ಪಂಪ್ ಇದೆ. ಎಂಜಿನ್ ತಿರುಗಿದಾಗ ಅದು ನೀರನ್ನು ಹೀರಿ ಹಿಂದಕ್ಕೆ ರಭಸವಾಗಿ ಉಗುಳುತ್ತದೆ, ಬೋಟು ಮುಂದಕ್ಕೆ ಹೋಗುತ್ತದೆ. ಆ ರಭಸದ ನೀರಿನಲ್ಲೇ ಒಂದು ಪಾಲು ಸಣ್ಣ ಕೊಳವೆಯ ಮೂಲಕ ಮೇಲೇರಿ ಎಂಜಿನ್ ಮತ್ತು ಸೈಲೆನ್ಸರನ್ನು ತಣ್ಣಗಾಗಿಸುತ್ತದೆ. ಕೊನೆಗೆ ಅದು ಸೈಲೆನ್ಸರಿನ ಒಳಕ್ಕೇ ಸುರಿದು, ಹೊಗೆಯ ಜೊತೆ ಸೇರಿ ಹೊರಬೀಳುತ್ತದೆ. ಕೆಲವು ಕಂಪನಿಗಳ ಬೋಟುಗಳಲ್ಲಿ ಎಂಜಿನ್‌ಗೆ ಕಾರಿನಂತೆ ಬೇರೆಯೇ ಕೂಲೆಂಟ್ ಇರುತ್ತದೆ, ಆದರೆ ಅವುಗಳಲ್ಲೂ ಸೈಲೆನ್ಸರಿಗೆ ಹೊರಗಿನ ನೀರೇ ಬೇಕು. ಸೈಲೆನ್ಸರಿಗೆ ಬಿದ್ದ ನೀರನ್ನು ಹೊರಗೆ ತಳ್ಳುವುದು ಎಂಜಿನ್ ಬಿಡುವ ಹೊಗೆಯ ಒತ್ತಡ ಮಾತ್ರ, ಅದಕ್ಕಾಗಿ ಬೇರೆ ಪಂಪ್ ಇಲ್ಲ. ಬೋಟು ನೀರಿನಲ್ಲಿರುವಾಗ ಇದರಿಂದ ತೊಂದರೆಯಾಗುವುದಿಲ್ಲ. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ, ನೀರು ಬರುವುದೂ ನಿಲ್ಲುತ್ತದೆ. ಮನೆಯ ಪೈಪು ಹಾಗಲ್ಲ. ಎಂಜಿನ್ ತಿರುಗಲಿ, ತಿರುಗದಿರಲಿ, ಅದು ತಳ್ಳುತ್ತಲೇ ಇರುತ್ತದೆ. ಒಂದಿಷ್ಟು ನೀರು ಪಕ್ಕದ ರಂಧ್ರದಿಂದ ಹೋಗುತ್ತದೆ. ಉಳಿದದ್ದು ಸೈಲೆನ್ಸರಿನ ಪೆಟ್ಟಿಗೆಯನ್ನು ತುಂಬಿ, ಕೊಳವೆಯಲ್ಲಿ ಏರಿ, ಎಂಜಿನ್‌ನ ಬಾಗಿಲಿಗೆ ಬಂದು ನಿಲ್ಲುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ಎಲ್ಲಿಯೇ ನಿಂತಿರಲಿ, ಯಾವುದಾದರೂ ಒಂದು ಸಿಲಿಂಡರಿನ ಹೊಗೆಯ ವಾಲ್ವ್ ತೆರೆದೇ ಇರುತ್ತದೆ. ಅಲ್ಲಿಂದ ಒಳಗೆ ಇಳಿಯುತ್ತದೆ.

ಎಷ್ಟು ನೀರು ಇಳಿದರೆ ಸಾಕು ಗೊತ್ತೇ? ನಮ್ಮ ಎಂಜಿನ್ 1.8 ಲೀಟರಿನದು. ಒಂದು ಸಿಲಿಂಡರಿನ ಪಾಲಿಗೆ ಸುಮಾರು 450 ಮಿಲಿಲೀಟರ್. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 60 ಮಿಲಿಲೀಟರಿನಷ್ಟು. ಹೋಟೆಲಿನ ಬೈಟು ಕಾಫಿ ನೆನಪಿಸಿಕೊಳ್ಳಿ. ಅದಕ್ಕಿಂತ ಒಂದು ಗುಟುಕು ಹೆಚ್ಚು ನೀರಿದ್ದರೆ ಪಿಸ್ಟನ್ ಮೇಲೇರಲಾರದು, ಏಕೆಂದರೆ ಗಾಳಿಯ ಹಾಗೆ ನೀರು ಅದುಮಿದರೆ ಕುಗ್ಗುವುದಿಲ್ಲ. ಮೊದಲ ಎರಡು 'ಟಕ್'ಗಳಲ್ಲಿ ಎಂಜಿನ್ ಅದನ್ನೇ ನಮಗೆ ಹೇಳಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಅರ್ಧ ದಿನದ ಕೆಲಸದಲ್ಲಿ ಮುಗಿಯುತ್ತಿತ್ತು ಎಂದು ಮೆಕ್ಯಾನಿಕ್ ಹೇಳಿದಾಗ ನನಗಾದ ಸಂಕಟ ಇಂದಿಗೂ ಇಳಿದಿಲ್ಲ. ರಾಡ್ ಬಗ್ಗಿಸಿದ್ದು ಕಾರಿನ ಬ್ಯಾಟರಿ ತಂದು ಮಾಡಿದ ಮೂರನೆಯ ಪ್ರಯತ್ನ.

ಮಾವನ ವಿಚಾರ ಹೇಳಲೇಬೇಕು, ಏಕೆಂದರೆ ಈ ಬರಹ ಬರೆಯಲು ನಿಜವಾದ ಕಾರಣ ಅದೇ. ಅವರು ಮಾಡಿದ್ದು ಅಜಾಗರೂಕತೆಯಲ್ಲ. ಔಟ್‌ಬೋರ್ಡ್ ಎಂಜಿನ್‌ಗೆ ಅದೇ ಸರಿಯಾದ ಕ್ರಮ. ಅದರ ಕಾಲನ್ನು, ಅಂದರೆ ನೀರಿನಲ್ಲಿ ಮುಳುಗುವ ಕೆಳಭಾಗವನ್ನು, ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ಆಮೇಲೆ ಸ್ಟಾರ್ಟ್ ಮಾಡುತ್ತಾರೆ, ಅಥವಾ ನೀರು ಹೀರುವ ರಂಧ್ರಗಳಿಗೆ ರಬ್ಬರಿನ ಮುಚ್ಚಳಗಳನ್ನು ಒತ್ತಿ ಕೂರಿಸಿ, ಪೈಪಿನಿಂದ ನೀರು ಬಿಟ್ಟು, ಆಮೇಲೆ ಸ್ಟಾರ್ಟ್ ಮಾಡುತ್ತಾರೆ. ಅದರೊಳಗಿನ ನೀರಿನ ಪಂಪಿನ ರಬ್ಬರ್ ಚಕ್ರ ಒಣಗಿದ ಸ್ಥಿತಿಯಲ್ಲಿ ಕೆಲವೇ ಸೆಕೆಂಡು ತಿರುಗಿದರೂ ಸುಟ್ಟು ಹರಿದುಹೋಗುತ್ತದೆ. ಅದಕ್ಕೇ ನೀರು ಮೊದಲು. ಅದರ ಹೊಗೆ ಕೆಳಮುಖವಾಗಿ ಕಾಲಿನ ಮೂಲಕ ಹೋಗುವುದರಿಂದ ನೀರು ಮೇಲೇರಿ ಸಿಲಿಂಡರಿಗೆ ಬರುವ ಭಯವಿಲ್ಲ. ಇನ್ನು ಈಚಿನ ಕೆಲವು ಫೋರ್ ಸ್ಟ್ರೋಕ್ ಔಟ್‌ಬೋರ್ಡ್‌ಗಳಲ್ಲಿ ಪೈಪು ಸಿಕ್ಕಿಸಲು ಬೇರೆಯೇ ಕೊಂಡಿ ಇರುತ್ತದೆ. ಅವುಗಳನ್ನು ತೊಳೆಯುವಾಗ ಎಂಜಿನ್ ಹಚ್ಚುವುದೇ ಇಲ್ಲ. ಹೀಗೆ ಒಂದೇ ಕಡಲತೀರದಲ್ಲಿ ಮೂರು ಬಗೆಯ ಎಂಜಿನ್‌ಗಳಿಗೆ ಮೂರು ಬಗೆಯ ಕ್ರಮ. ಮೂವತ್ತು ವರ್ಷ ಕೈಗೆ ಅಂಟಿದ ಒಳ್ಳೆಯ ಅಭ್ಯಾಸವೇ ಜೆಟ್ ಎಂಜಿನ್‌ಗೆ ಮುಳುವಾಗುತ್ತದೆ. ನಮ್ಮ ಕರಾವಳಿಯಲ್ಲಿ ವಾಟರ್ ಸ್ಕೂಟರ್ ನೋಡಿಕೊಳ್ಳುವವರಲ್ಲಿ ಬಹಳಷ್ಟು ಮಂದಿ ದೋಣಿಯ ಕೆಲಸ ಕಲಿತು ಬಂದವರು. ಈ ಅಪಾಯ ಅವರಿಗೇ ಹೆಚ್ಚು. ಕೈಪಿಡಿ ಓದಿ ಅವರಿಗೆ ಹೇಳಬೇಕಾದ ಹೊಣೆ ಮಾಲೀಕರದು, ಅಂದರೆ ಇಲ್ಲಿ ನನ್ನದು. ಕೈಪಿಡಿ ಶೆಡ್ಡಿನ ಕಪಾಟಿನಲ್ಲೇ ಇತ್ತು.

ಈಗ ನಾವು ತೊಳೆಯುವಾಗ ಯಾವಾಗಲೂ ಇಬ್ಬರು ಇರುತ್ತೇವೆ. ಒಬ್ಬರು ಎಂಜಿನ್ ಬಳಿ, ಇನ್ನೊಬ್ಬರು ನಲ್ಲಿಯ ಮೇಲೆ ಕೈಯಿಟ್ಟು. ಟ್ರೇಲರಿನ ಮೂತಿ ತುಸು ಮೇಲಿರುವಂತೆ ನಿಲ್ಲಿಸಿ, ತಳದಲ್ಲಿ ಸೇರಿದ ನೀರು ಹೋಗುವ ಬಿರಡೆಗಳನ್ನು ತೆಗೆಯುತ್ತೇವೆ. ಕೊಂಡಿ ಸಡಿಲವಾಗಿ ಪೈಪು ಒಳಗೆ ಸೋರಿದರೂ ಆ ನೀರು ಹೊರಗೆ ಹೋಗುತ್ತದೆ. ನಲ್ಲಿ ಮುಚ್ಚಿಯೇ ಪೈಪು ಸಿಕ್ಕಿಸುತ್ತೇವೆ. ಎಂಜಿನ್ ಹೊತ್ತಿಕೊಂಡು ನಿಧಾನಗತಿಯಲ್ಲಿ ತಿರುಗತೊಡಗಿದ ಕೂಡಲೇ ನಲ್ಲಿ ತೆರೆಯುತ್ತೇವೆ. ಇಲ್ಲಿ ತಡಮಾಡುವಂತಿಲ್ಲ, ನೀರಿಲ್ಲದೆ ಕೆಲವೇ ಸೆಕೆಂಡು ಮಾತ್ರ ಎಂಜಿನ್ ತಿರುಗಬಹುದು. ಕೈಪಿಡಿ ಹೇಳಿದಷ್ಟು ಹೊತ್ತು ಓಡಿಸಿ, ಎಂಜಿನ್ ಇನ್ನೂ ತಿರುಗುತ್ತಿರುವಾಗಲೇ ನಲ್ಲಿ ಮುಚ್ಚುತ್ತೇವೆ. ಆಮೇಲೆ ಕೆಲವು ಸೆಕೆಂಡು ಸಣ್ಣದಾಗಿ ಆಕ್ಸಿಲರೇಟರ್ ಒತ್ತಿ ಬಿಟ್ಟರೆ ಸೈಲೆನ್ಸರಿನಲ್ಲಿ ಉಳಿದ ನೀರು ಹಿಂದಿನಿಂದ ಬುಸ್ ಎಂದು ಹೊರಬರುತ್ತದೆ. ಆಗ ಎಂಜಿನ್ ನಿಲ್ಲಿಸುತ್ತೇವೆ. ಹೆಚ್ಚು ಹೊತ್ತು ತೊಳೆದರೆ ಹೆಚ್ಚು ಒಳ್ಳೆಯದು ಎಂಬುದೂ ತಪ್ಪು. ಪಂಪಿನ ದಂಡ ಬೋಟಿನ ಒಳಗಿನಿಂದ ಹೊರಗೆ ಹೋಗುವಲ್ಲಿ ಇರುವ ಸೀಲನ್ನು ತಣ್ಣಗಿಡುವುದು ಹೊರಗಿನ ನೀರು. ನೆಲದ ಮೇಲೆ ಅದಕ್ಕೆ ಆ ನೀರು ಸಿಗುವುದಿಲ್ಲ. ಹಾಗಾಗಿ ಕೆಲವು ಬೋಟುಗಳಿಗೆ ಒಂದೂವರೆ ನಿಮಿಷವೇ ಮಿತಿ, ಕೆಲವಕ್ಕೆ ಮೂರು ನಿಮಿಷ. ಮುಚ್ಚಿದ ಶೆಡ್ಡಿನೊಳಗೆ ಇದನ್ನು ಮಾಡಲೇಬೇಡಿ, ಹೊಗೆಯ ವಿಷಾನಿಲ ಜೀವ ತೆಗೆಯುತ್ತದೆ.

ನಡುವೆ ಎಂಜಿನ್ ತಾನಾಗಿ ನಿಂತರೆ? ಎಲ್ಲರ ಕೈಯೂ ಸ್ಟಾರ್ಟ್ ಗುಂಡಿಗೆ ಹೋಗುತ್ತದೆ. ಮೊದಲು ನಲ್ಲಿ ಮುಚ್ಚಬೇಕು. ಇದಕ್ಕಾಗಿಯೇ ನಾವು ಪೈಪಿನ ತುದಿಯಲ್ಲಿ, ಬೋಟಿನ ಪಕ್ಕದಲ್ಲೇ, ಒಂದು ಸಣ್ಣ ಬಾಲ್ ವಾಲ್ವ್ ಹಾಕಿಸಿದ್ದೇವೆ. ಓಡಿಹೋಗಿ ಪಂಪ್ ಆರಿಸುವಷ್ಟರಲ್ಲಿ ಆಗಬೇಕಾದದ್ದು ಆಗಿರುತ್ತದೆ.

ಆದರೂ ತಪ್ಪಾಯಿತು ಎಂದುಕೊಳ್ಳಿ. 'ಟಕ್' ಎಂದರೆ ಅಲ್ಲಿಗೇ ಬಿಡಿ. ಮೆಕ್ಯಾನಿಕ್ ಬರುವವರೆಗೆ ಕಾಯಿರಿ, ಆದರೆ ಅವರನ್ನು ಅಂದೇ ಕರೆಸಿ. ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಕಿಡಿ ಹಾರದಂತೆ ಇಗ್ನಿಷನ್ ತಪ್ಪಿಸಿ, ಆಮೇಲೆ ತಿರುಗಿಸಿದರೆ ನೀರು ಪ್ಲಗ್ಗಿನ ರಂಧ್ರಗಳಿಂದ ಚಿಮ್ಮಿ ಹೋಗುತ್ತದೆ. ಪೆಟ್ರೋಲಿನ ಆವಿಯೂ ಜೊತೆಗೆ ಬರುವುದರಿಂದ ಕಿಡಿಯ ವಿಷಯದಲ್ಲಿ ಎಚ್ಚರ ಬೇಕು, ಮುಖವನ್ನೂ ದೂರ ಇಟ್ಟುಕೊಳ್ಳಬೇಕು. ಎಂಜಿನ್ ಆಯಿಲ್ ಎಳೆದು ನೋಡಿ. ಹಾಲು ಬೆರೆಸಿದ ಚಹಾದ ಬಣ್ಣವಾಗಿದ್ದರೆ ನೀರು ಕೆಳಗೂ ಇಳಿದಿದೆ, ಒಂದು ಸಲ ಬದಲಿಸಿದರೆ ಸಾಲದು. ಎಲ್ಲ ಸರಿಯಾದ ಮೇಲೆ ಅಂದೇ ಓಡಿಸಿ ಒಣಗಿಸಬೇಕು. ಸಿಹಿನೀರೇ ತಾನೇ ಎಂದು ನಾಳೆಗೆ ಬಿಟ್ಟರೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯಲು ತೊಡಗುತ್ತದೆ.

ಇದೇ ದಾರಿಯಲ್ಲಿ ನೀರು ನುಗ್ಗುವ ಇನ್ನೆರಡು ಸಂದರ್ಭಗಳಿವೆ. ಕೆಟ್ಟು ನಿಂತ ವಾಟರ್ ಸ್ಕೂಟರನ್ನು ಬೇರೆ ಬೋಟಿಗೆ ಕಟ್ಟಿ ವೇಗವಾಗಿ ಎಳೆದರೆ, ಮುಂದಿನಿಂದ ಬರುವ ನೀರಿನ ಒತ್ತಡವೇ ತಣ್ಣಗಾಗಿಸುವ ಕೊಳವೆಯೊಳಕ್ಕೆ ನೀರನ್ನು ತುಂಬಿಸುತ್ತದೆ. ಗಂಟೆಗೆ 8 ಕಿಲೋಮೀಟರ್ ಮೀರದಂತೆ ಎಳೆಯಿರಿ, ಸಾಧ್ಯವಿದ್ದರೆ ಆ ಕೊಳವೆಯನ್ನು ಕ್ಲಾಂಪ್‌ನಿಂದ ಬಿಗಿಯಿರಿ. ಮಗುಚಿ ಬಿದ್ದಾಗ ಯಾವ ಕಡೆಗೆ ತಿರುಗಿಸಿ ಎತ್ತಬೇಕು ಎಂದು ಹಿಂಭಾಗದಲ್ಲಿ ಬಾಣದ ಗುರುತು ಇರುತ್ತದೆ, ಅದೂ ಈ ಕಾರಣಕ್ಕೇ. ಗುರುತು ಮಾಸಿದ್ದರೆ ಇಂದೇ ಬಣ್ಣದಲ್ಲಿ ಬರೆದುಕೊಳ್ಳಿ.

ನಮಗೆ ರಾಡ್, ಪಿಸ್ಟನ್, ಗ್ಯಾಸ್ಕೆಟ್‌ಗಳು ಮತ್ತು ಕೂಲಿ ಸೇರಿ 1.80 ಲಕ್ಷ ರೂಪಾಯಿ ಖರ್ಚಾಯಿತು. ಬಿಡಿಭಾಗಗಳು ಹೊರದೇಶದಿಂದ ಬರುವಷ್ಟರಲ್ಲಿ ಮೇ ತಿಂಗಳು ಮುಗಿದು, ಮಳೆಗಾಲ ಬಂದು, ಆ ವರ್ಷದ ದುಡಿಮೆಯೇ ಹೋಯಿತು. ಮಾವ ಒಂದು ದಿನ ಬಂದು ಹಣದ ಕವರು ಚಾಚಿದರು. ನಾವು ತೆಗೆದುಕೊಳ್ಳಲಿಲ್ಲ. "ಹಾಗಾದರೆ ನನಗೆ ಸರಿಯಾದ ಕ್ರಮವನ್ನಾದರೂ ಕಲಿಸು" ಎಂದರು. ಶೆಡ್ಡಿನ ಗೋಡೆಯಲ್ಲಿ ನಲ್ಲಿಯ ಮೇಲೆ ದೋಣಿಗೆ ಬಳಿಯುವ ನೀಲಿ ಬಣ್ಣದಲ್ಲಿ ಅವರೇ ಬರೆದಿದ್ದಾರೆ: ಮೊದಲು ಎಂಜಿನ್, ಆಮೇಲೆ ನೀರು, ಮೊದಲು ನೀರು ಬಂದ್, ಆಮೇಲೆ ಎಂಜಿನ್ ಬಂದ್.

ಹಳೆಯ ಸ್ಕೂಟರ್ ಕೊಳ್ಳುವವರಿಗೆ ಒಂದು ಮಾತು. ಮಾರುವವರು ಓಡಿಸಿ ತೋರಿಸಿದ ಮೇಲೆ, ತೊಳೆದೂ ತೋರಿಸಿ ಎಂದು ಕೇಳಿ. ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿ. ಅವರ ಕೈ ಮೊದಲು ನಲ್ಲಿಗೆ ಹೋದರೆ ಅಲ್ಲಿಯೇ ತಡೆಯಿರಿ. ವ್ಯಾಪಾರ ಮುಗಿಸುವ ಮುನ್ನ ನಿಮ್ಮ ಮೆಕ್ಯಾನಿಕ್‌ನಿಂದ ಪ್ಲಗ್ ಬಿಚ್ಚಿಸಿ, ಪ್ರತಿ ಸಿಲಿಂಡರಿನ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಅದುಮುವ ಒತ್ತಡ, ಅಳೆಸಿ, ಆಯಿಲ್‌ನ ಬಣ್ಣ ನೋಡಿ.