ಹಳೇ ಕಟ್ಟಡಗಳ ಸರ್ವೆಗೆ ಕ್ಯೂಫೀಲ್ಡ್
ಗ್ರಾಮೀಣ ಯೋಜನೆಗೆ ಜಮೀನು, ಹಳೇ ಕಟ್ಟಡಗಳ ಸರ್ವೆ ಮಾಡುವುದು ನನ್ನ ಕೆಲಸ. ಕಾಗದ ಬಿಟ್ಟು, ಸ್ಥಳದಲ್ಲೇ ನಕ್ಷೆ ಮೇಲೆ ಮಾಹಿತಿ ದಾಖಲಿಸುವ ಕ್ಯೂಫೀಲ್ಡ್ ಆ್ಯಪ್ ಹಿಡಿದಿದ್ದೇನೆ. ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ. ಕಂಪ್ಯೂಟರಿನ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ನಕ್ಷೆ ಸಿದ್ಧ ಮಾಡಿಕೊಂಡು ಹೊರಟರೆ ಆಯ್ತು. ಕಲ್ಲಿನ ಬಾವಿಯೊಂದರ ಮುಂದೆ ನಿಂತು ಗುರುತು ಹಾಕಿದೆ, ಫೋಟೋ ತೆಗೆದೆ, ‘ಒಳಗೋಡೆ ಬಿರುಕು’ ಅಂತ ಬರೆದೆ. ಎಲ್ಲ ಒಂದೇ ದಾಖಲೆಯಲ್ಲಿ.

ಆದರೆ ಮರದಡಿ ಫೋನಿನ ಜಿಪಿಎಸ್ ನಂಬಬೇಡಿ. ಬಯಲಲ್ಲೇ ಸುಮಾರು 5 ಮೀಟರ್ ಆಚೀಚೆ ಆಗುತ್ತದೆ. ಆ ಬಾವಿ ನಕ್ಷೆಯಲ್ಲಿ ಪಕ್ಕದ ಹೊಲಕ್ಕೆ ಹೋಗಿ ಕೂತಿತ್ತು! ಟೇಪ್ ಹಿಡಿದು ಸರಿ ಮಾಡಿದೆ. ಗಡಿ ಅಳತೆಗಂತೂ ಬೇರೆ ಉಪಕರಣವೇ ಬೇಕು.

ಇನ್ನೊಂದು, ಕಟ್ಟಡದ ಸ್ಥಿತಿಗೆ ಆಯ್ಕೆಪಟ್ಟಿ ಮೊದಲೇ ಇಡಿ. ನಾನು ಸುಮ್ನೆ ‘ಹಾಳು’, ‘ಬಿದ್ದಿದೆ’, ‘ಶಿಥಿಲ’ ಅಂತೆಲ್ಲ ಬರೆದು, ಆಮೇಲೆ ವಿಂಗಡಿಸಲು ಒದ್ದಾಡಿದೆ.