ಹೋಟೆಲ್ ಮೆಂಬರ್‌ಶಿಪ್ ಕಾರ್ಡ್ ನಂಬಿ ಆ್ಯಪ್‌ನಲ್ಲಿ ರೂಮ್ ಬುಕ್ ಮಾಡುವ ಮೊದಲು ಇದನ್ನು ಓದಿ

ಮಳೆ ಕಡಿಮೆಯಾದ ಕೂಡಲೇ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಅಂತ ಎಲ್ಲರೂ ಹೊರಡುತ್ತಾರೆ. ಕಾರ್ಡೂ ಇದೆ, ಆ್ಯಪ್‌ನಲ್ಲಿ ಡಿಸ್ಕೌಂಟೂ ಇದೆ, ಎರಡೂ ಸಿಗುತ್ತೆ ಅಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ.

ಅಪ್ಪ ಅಮ್ಮನನ್ನು ಕರೆದುಕೊಂಡು ಚಿಕ್ಕಮಗಳೂರಿಗೆ ಹೋಗಿದ್ದೆವು. ನನ್ನ ಕಾರ್ಡಿಗೆ ಬೆಳಗಿನ ತಿಂಡಿ ಉಚಿತ, ರೂಮನ್ನು ಸಂಜೆ ನಾಲ್ಕರವರೆಗೂ ಇಟ್ಟುಕೊಳ್ಳಬಹುದು. ಟ್ರಾವೆಲ್ ಆ್ಯಪ್‌ನಲ್ಲಿ ರೇಟ್ ಕಡಿಮೆ ಇತ್ತು. ದುಡ್ಡು ಕಟ್ಟುವ ಮೊದಲೇ ಹೋಟೆಲಿಗೆ ಫೋನ್ ಮಾಡಿ ಕೇಳಿದ್ದೆ. 'ಬನ್ನಿ ಸರ್, ಕಾರ್ಡ್ ತೋರಿಸಿದ್ರೆ ಆಯ್ತು' ಅಂದಿದ್ದರು. ಅಲ್ಲಿಗೆ ಹೋದ ಮೇಲೆ ಮಾತೇ ಬೇರೆ. 'ಇದು ಆ್ಯಪ್ ಬುಕಿಂಗ್, ಕಾರ್ಡ್ ನಡೆಯಲ್ಲ.' ಫೋನಿನಲ್ಲಿ ಮಾತಾಡಿದ್ದು ಯಾರು ಅಂದರೆ ಯಾರಿಗೂ ಗೊತ್ತಿಲ್ಲ. ವೋಚರಿನಲ್ಲಿ ಸಣ್ಣದಾಗಿ ಅಚ್ಚಾಗಿದ್ದ 'ಇಪಿ' ಅನ್ನುವುದರ ಮೇಲೆ ಪೆನ್ನಿಟ್ಟು ತೋರಿಸಿದರು. ಅಂದರೆ ಬರೀ ರೂಮ್. 'ಸಿಪಿ' ಅಂತಿದ್ದರೆ ತಿಂಡಿ ಸೇರಿರುತ್ತದೆ, 'ಎಂಎಪಿ' ಅಂದರೆ ತಿಂಡಿ ಜೊತೆಗೆ ಒಂದು ಊಟ. ಇದನ್ನು ತಪ್ಪದೆ ನೋಡಿಕೊಳ್ಳಿ.

ಅಪ್ಪನಿಗೆ ಶುಗರ್. ಬೆಳಿಗ್ಗೆ ಮಾತ್ರೆ ಕೈಯಲ್ಲಿ ಹಿಡಿದು ಕೂತಿದ್ದರು, ಹೊರಗೆ ಹುಡುಕಿಕೊಂಡು ಹೋಗುವಷ್ಟು ಹೊತ್ತಿರಲಿಲ್ಲ. ಎಲ್ಲರಿಗೂ ದುಡ್ಡು ಕೊಟ್ಟು ಅಲ್ಲೇ ಇಡ್ಲಿ ತಿಂದೆವು. ಆ್ಯಪ್‌ನಲ್ಲಿ ಉಳಿಸಿದ್ದೆಲ್ಲ ಆ ಬಿಲ್ಲಿಗೇ ಹೋಯಿತು. ಹನ್ನೊಂದಕ್ಕೆ ರೂಮ್ ಬಿಡಿಸಿ ವಯಸ್ಸಾದವರನ್ನು ಲಾಬಿಯಲ್ಲಿ ಕೂರಿಸಿದ್ದು ಮಾತ್ರ ನನಗೆ ದುಡ್ಡಿಗಿಂತ ಜಾಸ್ತಿ ಬೇಜಾರು.

ಮ್ಯಾರಿಯಟ್ ಬಾನ್‌ವಾಯ್, ಹಿಲ್ಟನ್ ಆನರ್ಸ್‌ನಂಥ ದೊಡ್ಡ ಹೋಟೆಲ್ ಮೆಂಬರ್‌ಶಿಪ್ ಯೋಜನೆಗಳ ನಿಯಮವೂ ಹೀಗೇ ಇದೆ. ಬೇರೆ ಟ್ರಾವೆಲ್ ಸೈಟಿನಲ್ಲಿ ಕೊಂಡ ರೂಮಿಗೆ ಸಾಮಾನ್ಯವಾಗಿ ಪಾಯಿಂಟ್ (ಕೂಡಿಟ್ಟು ಮುಂದೆ ರೂಮಿಗೆ ಬಳಸುವ ಅಂಕ) ಸಿಗುವುದಿಲ್ಲ. ಟೂರ್ ಪ್ಯಾಕೇಜಿನ ರೇಟಿಗೂ ಅಷ್ಟೇ. ಹಾಗಂತ ಕಡಿಮೆ ರೇಟೆಲ್ಲ ಬೇಡ ಅಂತಲ್ಲ. ಹೋಟೆಲಿನ ಸ್ವಂತ ಸೈಟಿನಲ್ಲಿ ಸಿಗುವ ಮೆಂಬರ್ ರೇಟಿಗೆ ಪಾಯಿಂಟ್ ಬರುತ್ತದೆ, ಸೌಲಭ್ಯವೂ ಸಿಗುತ್ತದೆ. ಕಂಪನಿ ರೇಟಿನಲ್ಲಿ ಬುಕ್ ಮಾಡಿದರೆ ಆಫೀಸ್ ಐಡಿ ಜೊತೆಗಿರಲಿ. ಅದಿಲ್ಲದಿದ್ದರೆ ಕೌಂಟರಿನಲ್ಲಿ ಪೂರ್ತಿ ರೇಟ್ ಹಾಕಬಹುದು.

ಫೋನಿನಲ್ಲಿ ಹೇಳಿದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. 'ಈ ರೇಟಿಗೆ ನನ್ನ ಕಾರ್ಡಿನ ತಿಂಡಿ, ಲೇಟ್ ಚೆಕ್‌ಔಟ್ ಸಿಗುತ್ತಾ?' ಅಂತ ಇಮೇಲ್ ಹಾಕಿ, ಉತ್ತರ ಬಂದ ಮೇಲೆ ದುಡ್ಡು ಕಟ್ಟಿ. ಇನ್ನೊಂದು, ಉಚಿತ ತಿಂಡಿ ಸಾಮಾನ್ಯವಾಗಿ ಕಾರ್ಡ್ ಇರುವವರಿಗೂ ಅದೇ ರೂಮಿನ ಇನ್ನೊಬ್ಬರಿಗೂ ಮಾತ್ರ. ಅಪ್ಪ ಅಮ್ಮನಿಗೆ ಬೇರೆ ರೂಮ್ ಮಾಡಿದರೆ ಆ ರೂಮಿಗೂ ತಿಂಡಿ ಇದೆಯಾ ಅಂತ ಅದೇ ಇಮೇಲ್‌ನಲ್ಲಿ ಕೇಳಿಬಿಡಿ.