ಪಟ್ಟಿ, ಪೆಟ್ಟಿಗೆ, ಬೇರು: ಇಂಗ್ಲಿಷ್ ಪದ ಕಲಿತ ಮೂರು ದಾರಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲೆಯಾಳ, ಶಾಲೆಯಲ್ಲಿ ಕನ್ನಡ. ಬ್ಯಾಂಕ್ ಪರೀಕ್ಷೆಗೆ ಓದಲು ಕುಳಿತಾಗ ಇಂಗ್ಲಿಷಿನ ಕಠಿಣ ಪದಗಳಿಗಾಗಿ ಮೂರು ದಾರಿ ಹಿಡಿದು ನೋಡಿದೆ.

ಮೊದಲು ಪಟ್ಟಿ. ದಿನಕ್ಕೆ 20 ಪದ, ಎದುರಿಗೆ ಒಂದೊಂದು ಅರ್ಥ. ಬರೆಯುವಾಗ ಎಲ್ಲವೂ ಬಂದಂತೆಯೇ ಇರುತ್ತದೆ. ಭಾನುವಾರ ಅರ್ಥದ ಸಾಲನ್ನು ಕೈಯಿಂದ ಮುಚ್ಚಿದರೆ ಅರ್ಧವೂ ನೆನಪಿಗೆ ಬಾರದು. ಅದಕ್ಕಿಂತ ಕೆಟ್ಟದ್ದು, ಅರೆ ಅರ್ಥ. ‘ಎಗ್ರೀಜಿಯಸ್’ ಎಂದರೆ ‘ಎದ್ದು ಕಾಣುವ’ ಎಂದು ಬರೆದುಕೊಂಡಿದ್ದೆ. ಪ್ರಬಂಧದಲ್ಲಿ ಒಬ್ಬ ನಾಯಕರನ್ನು ಹೊಗಳಲು ಅದನ್ನೇ ಬಳಸಿದೆ. ಇಂದಿನ ಇಂಗ್ಲಿಷಿನಲ್ಲಿ ಅದು ಕೆಟ್ಟದ್ದಾಗಿ ಎದ್ದು ಕಾಣುವುದಕ್ಕೆ ಹೇಳುವ ಮಾತು. ಪಟ್ಟಿಯನ್ನು ಅಂದೇ ಬಿಟ್ಟೆ.

ಎರಡನೆಯದು ಚೀಟಿಗಳ ಪೆಟ್ಟಿಗೆ. ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ವಿವರಿಸಿದ ಕ್ರಮ ಇದು. ಗೃಹಪ್ರವೇಶದ ಹಳೆಯ ಆಮಂತ್ರಣ ಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಬದಿಗಳಲ್ಲಿ ಬರೆದೆ: ಒಂದು ಕಡೆ ಪದವಿರುವ ಇಡೀ ವಾಕ್ಯ, ಇನ್ನೊಂದು ಕಡೆ ಅರ್ಥ. ಸಿಹಿತಿಂಡಿಯ ಡಬ್ಬಿಯಲ್ಲಿ ಐದು ಖಾನೆ. ಸರಿಯಾಗಿ ಹೇಳಿದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಮೊದಲನೆಯದಕ್ಕೆ. ಮೊದಲ ಖಾನೆಯನ್ನು ದಿನವೂ, ಮುಂದಿನವುಗಳನ್ನು ಅಪರೂಪಕ್ಕೂ ತೆರೆಯುವುದು. ಮರೆಯುವ ಹೊತ್ತಿಗೆ ಪದ ಮತ್ತೆ ಕೈಗೆ ಬರುತ್ತದೆ, ಗುಟ್ಟು ಅಷ್ಟೇ. ಆಂಕಿ ಎಂಬ ಆ್ಯಪ್ ಮೊಬೈಲಿನಲ್ಲಿ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಬಸ್ಸಿನಲ್ಲಿ ಅನುಕೂಲ, ಆದರೆ ಕೈಬರಹದಷ್ಟು ನನಗೆ ಹತ್ತಲಿಲ್ಲ.

ಮೂರನೆಯದು ಬೇರು ಹಿಡಿಯುವುದು. ನನಗೆ ನಿಜವಾದ ಸಂತೋಷ ಕೊಟ್ಟದ್ದು ಇದೇ. ‘ಆಗ್ನಾಸ್ಟಿಕ್’ (ಅಜ್ಞೇಯವಾದಿ), ‘ಕಾಗ್ನಿಷನ್’ (ಅರಿವು), ‘ಪ್ರೊಗ್ನೋಸಿಸ್’ (ಮುನ್ಸೂಚನೆ) ಇವುಗಳ ಒಳಗಿರುವ ‘ಗ್ನೋ’ ನಮ್ಮ ‘ಜ್ಞಾನ’ದ ‘ಜ್ಞಾ’ದ ಒಡಹುಟ್ಟು. ‘ಇಮ್ಮಾರ್ಟಲ್’ (ಸಾವಿಲ್ಲದ) ಕಂಡರೆ ‘ಅಮೃತ’ ನೆನಪಾಗುತ್ತದೆ. ಎರಡಕ್ಕೂ ಮೂಲ ಒಂದೇ. ಅಡಿಕೆಗೆ ಇಂಗ್ಲಿಷಿನಲ್ಲಿರುವ ‘ಅರೇಕ’ ಎಂಬ ಹೆಸರಂತೂ ಮಲೆಯಾಳದ ‘ಅಡಕ್ಕ’ದಿಂದ, ಪೋರ್ಚುಗೀಸರ ಬಾಯಿ ದಾಟಿ ಹೋದದ್ದು. ಇದನ್ನು ತಿಳಿದ ಸಂಜೆ ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆಯನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ.

ಆದರೆ ಬೇರನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ‘ಪೆಡೆಸ್ಟ್ರಿಯನ್’ (ಪಾದಚಾರಿ), ‘ಪೆಡಗಾಜಿ’ (ಬೋಧನಾಕ್ರಮ) ಎರಡರಲ್ಲೂ ‘ಪೆಡ್’ ಕಂಡರೂ ಬೇರು ಬೇರೆ: ಮೊದಲನೆಯದರಲ್ಲಿರುವುದು ಪಾದ, ಎರಡನೆಯದರಲ್ಲಿರುವುದು ಮಗು ಎಂಬ ಅರ್ಥದ ಗ್ರೀಕ್ ಪದ. ಆದ್ದರಿಂದ ಬೇರಿನಿಂದ ಊಹಿಸಿ, ನಿಘಂಟಿನಲ್ಲಿ ನೋಡಿ, ವಾಕ್ಯದೊಂದಿಗೆ ಚೀಟಿಗೆ ಇಳಿಸುತ್ತೇನೆ. ಪರೀಕ್ಷೆಗೆ ಒಂದೇ ತಿಂಗಳು ಉಳಿದಿದ್ದರೆ ಪೆಟ್ಟಿಗೆಯನ್ನಷ್ಟೇ ಹಿಡಿಯಿರಿ.

‘ಎಗ್ರೀಜಿಯಸ್’ ಎರಡು ಸಲ ಮೊದಲ ಖಾನೆಗೆ ಮರಳಿ, ಹೋದ ವಾರ ಐದನೆಯದನ್ನು ತಲುಪಿದೆ.